ಆರು ಚುಕ್ಕಿಗಳಿಂದ ಮಾತಾಡುವ ಮೊಬೈಲಿನವರೆಗೆ

ಕಣ್ಣು ಕಾಣದವರೂ ತಾವೇ ಓದಿ ಬರೆಯುವಂತೆ ಮಾಡಿದ್ದು ಹದಿನೈದು ವರ್ಷದ ಒಬ್ಬ ಹುಡುಗ. ನಮ್ಮ ಶಾಲೆಯ ಹತ್ತನೇ ತರಗತಿಯ ಮಕ್ಕಳದೂ ಅದೇ ವಯಸ್ಸು. ಅದಕ್ಕೇ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಅವನ ಕಥೆ ಆರಿಸಿಕೊಂಡೆ.

ಲೂಯಿ ಬ್ರೈಲ್ ಹುಟ್ಟಿದ್ದು 1809ರಲ್ಲಿ, ಪ್ಯಾರಿಸ್ ಬಳಿಯ ಒಂದು ಹಳ್ಳಿಯಲ್ಲಿ. ತಂದೆ ಕುದುರೆಯ ಜೀನು ಹೊಲಿಯುತ್ತಿದ್ದರು. ಮೂರು ವರ್ಷದ ಮಗು ಚರ್ಮಕ್ಕೆ ತೂತು ಹಾಕುವ ಚೂಪಾದ ಸಲಕರಣೆ ಹಿಡಿದು ಆಡುವಾಗ ಅದು ಕಣ್ಣಿಗೆ ಚುಚ್ಚಿತು. ಐದು ವರ್ಷವಾಗುವಷ್ಟರಲ್ಲಿ ಎರಡೂ ಕಣ್ಣು ಹೋದವು. 1819ರಲ್ಲಿ ಪ್ಯಾರಿಸ್ಸಿನ ಅಂಧ ಮಕ್ಕಳ ಶಾಲೆ ಸೇರಿದ. ಅಲ್ಲಿನ ಪುಸ್ತಕಗಳಲ್ಲಿ ಮಾಮೂಲಿ ಅಕ್ಷರಗಳನ್ನೇ ದೊಡ್ಡದಾಗಿ ಉಬ್ಬಿಸಿ ಅಚ್ಚು ಹಾಕಿದ್ದರು. ಬೆರಳಿನಿಂದ ಸವರಿ ಓದುವುದೇ ಕಷ್ಟ, ಬರೆಯುವುದಂತೂ ದೂರದ ಮಾತು. ಕಣ್ಣಿದ್ದವರು ಯೋಚಿಸಿದ ಉಪಾಯ ಅದು!

ಶಾರ್ಲ್ ಬಾರ್ಬಿಯೇ ಎಂಬ ಸೇನಾಧಿಕಾರಿ ಹನ್ನೆರಡು ಉಬ್ಬು ಚುಕ್ಕಿಗಳ ಲಿಪಿಯೊಂದನ್ನು ಮಾಡಿದ್ದ. ಲೂಯಿ ಅದನ್ನು ಆರಕ್ಕೆ ಇಳಿಸಿದ. ಒಂದು ಅಕ್ಷರ ಬೆರಳ ತುದಿಯಡಿ ಹಿಡಿಯುವಂತಾಯಿತು. ಇದು 1824ರ ಹೊತ್ತಿಗೆ. ಪ್ರತಿ ಜಾಗದಲ್ಲೂ ಚುಕ್ಕಿ ಇದೆ ಅಥವಾ ಇಲ್ಲ. ಒಟ್ಟು 64 ಜೋಡಣೆ. ನಾನು ದಿನವೂ ಅನ್ನ ತಿನ್ನುವ ಕಂಪ್ಯೂಟರಿನ ಸೊನ್ನೆ-ಒಂದರ ಲೆಕ್ಕವೂ ಇದೇ. ಆದರೂ ಅವನ ಶಾಲೆ ಅದನ್ನು ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ, ಅವನು ತೀರಿಕೊಂಡು ಎರಡು ವರ್ಷದ ಮೇಲೆ.

ನಮ್ಮ ದೇಶದಲ್ಲಿ ಬೇರೆ ಬೇರೆ ಬ್ರೈಲ್ ಪದ್ಧತಿಗಳು ಬಳಕೆಯಲ್ಲಿದ್ದವು. 1951ರಲ್ಲಿ ಭಾರತಿ ಬ್ರೈಲ್ ಬಂದು ಎಲ್ಲ ಭಾಷೆಗಳಿಗೂ ಒಂದೇ ನೆಲೆ ಒದಗಿಸಿತು. ಕನ್ನಡದ 'ಕ'ಕ್ಕೂ ಹಿಂದಿಯ 'ಕ'ಕ್ಕೂ ಒಂದೇ ಚುಕ್ಕಿಗಳು. 'ಕಿ' ಬರೆಯಲು 'ಕ'ದ ಮುಂದೆ 'ಇ' ಇಟ್ಟರಾಯಿತು. ಕಾಗುಣಿತದಲ್ಲಿ ಏಟು ತಿಂದ ನಮ್ಮಂಥವರಿಗೆ ಹೊಟ್ಟೆಕಿಚ್ಚಾಗುವಷ್ಟು ಸುಲಭ.

ಆದರೆ ಬ್ರೈಲ್ ಪುಸ್ತಕ ನಮ್ಮ ಶಾಲೆಗೆ ಬಂದದ್ದನ್ನು ನಾನು ಕಾಣೆ. ನಮ್ಮ ಬ್ಯಾಚಿನಲ್ಲಿ ದೃಷ್ಟಿಯಿಲ್ಲದ ಗೆಳೆಯನೊಬ್ಬನಿದ್ದ. ನಾವು ಓದಿ ಹೇಳಿದ್ದನ್ನು ಕೇಳಿಯೇ ಎಸ್ಸೆಸ್ಸೆಲ್ಸಿ ಪಾಸಾದ. ಪರೀಕ್ಷೆ ಹತ್ತಿರ ಬಂದರೆ ನಮಗೇ ಪುರುಸೊತ್ತಿರುತ್ತಿರಲಿಲ್ಲ; ಅವನು ಕಾಯುತ್ತಿದ್ದ. ಈಗ ಅವನ ಮೊಬೈಲಿನ ಟಾಕ್‌ಬ್ಯಾಕ್ ಕನ್ನಡವನ್ನು ಓದಿ ಹೇಳುತ್ತದೆ, ನನಗೆ ಅರ್ಥವಾಗದಷ್ಟು ವೇಗದಲ್ಲಿ! ಕಂಪ್ಯೂಟರಿನಲ್ಲಿ ಎನ್‌ವಿಡಿಎ ಎಂಬ ತಂತ್ರಾಂಶವಿದೆ. ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ 2006ರಲ್ಲಿ ಶುರು ಮಾಡಿದ್ದು, ಪೂರ್ತಿ ಉಚಿತ. ಅವರೂ ಅಂಧರೇ.

ಇಷ್ಟಾದರೂ ಒಂದು ತೊಡಕಿದೆ. ಹಳೆಯ ಡಿಟಿಪಿ ಫಾಂಟುಗಳಲ್ಲಿ ನಮಗೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಯಂತ್ರ ಅದನ್ನೇ ಓದುತ್ತದೆ. ಕೇಳುವವರಿಗೆ ಬರೀ ಗೋಜಲು. ಪುಟದ ಫೋಟೊ ತೆಗೆದು ವಾಟ್ಸಾಪಿಗೆ ಹಾಕಿದರೆ ಎಷ್ಟೋ ಸಲ ಅಷ್ಟೂ ಇಲ್ಲ. ಯೂನಿಕೋಡಿನಲ್ಲಿದ್ದರೆ ಈ ತಾಪತ್ರಯವಿಲ್ಲ.

ಸಂಪಾದಕ ಮಂಡಳಿಯ ಗುರುಗಳಲ್ಲಿ ನನ್ನದೊಂದು ಕೋರಿಕೆ: ಈ ಸಂಚಿಕೆಯ ಯೂನಿಕೋಡ್ ಪ್ರತಿಯೊಂದನ್ನೂ ಮಾಡಿಸಿ. ಹಳೆಯ ಫಾಂಟಿನ ಲೇಖನಗಳನ್ನು ಪರಿವರ್ತಿಸಿ ತಪ್ಪು ತಿದ್ದುವ ಕೆಲಸ ನನಗಿರಲಿ. ಮೊದಲ ಪ್ರತಿ ಆ ಗೆಳೆಯನಿಗೆ ಹೋಗಲಿ.