ಮಗುವಿಗೆ ಓಕರಿಕೆಯೋ, ಉಸಿರು ಕಟ್ಟಿದೆಯೋ? ಮನೆಯವರಿಗೆ ತಿಳಿದಿರಲಿ

6 ತಿಂಗಳು ತುಂಬಿದ ಮಗುವಿನ ಕೈಗೇ ಮೆತ್ತನೆಯ ಆಹಾರ ಕೊಟ್ಟು, ತಾನಾಗಿ ತಿನ್ನಲು ಬಿಡುವ ಕ್ರಮವನ್ನು ಈಗಿನ ತಾಯಂದಿರು ಇಷ್ಟಪಡುತ್ತಾರೆ. ಆಗ ಮಗು ಓಕರಿಸಿದರೆ ಹಿರಿಯರು ಗಾಬರಿಯಾಗುತ್ತಾರೆ. ಎರಡು ಸ್ಥಿತಿಗಳ ವ್ಯತ್ಯಾಸ ತಿಳಿದಿರಬೇಕು.

ಓಕರಿಕೆ: ಮಗು ಕೆಮ್ಮುತ್ತದೆ, ಸದ್ದು ಮಾಡುತ್ತದೆ, ಮುಖ ಕೆಂಪಾಗುತ್ತದೆ. ಇದು ದೇಹದ ರಕ್ಷಣೆ. ಬಾಯಿಗೆ ಬೆರಳು ಹಾಕದೆ, ಪಕ್ಕದಲ್ಲೇ ಇದ್ದು ನೋಡಿಕೊಳ್ಳಿ.

ಉಸಿರು ಕಟ್ಟಿದರೆ: ಅಳು, ಕೆಮ್ಮು ನಿಲ್ಲುತ್ತದೆ, ತುಟಿ ನೀಲಿಯಾಗಬಹುದು. ನೆತ್ತಿ ತಟ್ಟುತ್ತಾ, ನೀರು ಕುಡಿಸುತ್ತಾ ಸಮಯ ಕಳೆಯಬೇಡಿ. ಮಗುವನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿಸಿ ಹಿಡಿದು, ಬೆನ್ನಿನ ಮೇಲ್ಭಾಗದ ನಡುವೆ ಅಂಗೈ ಬುಡದಿಂದ 5 ಬಾರಿ ಗಟ್ಟಿಯಾಗಿ ತಟ್ಟಿ. ನಂತರ ಅಂಗಾತ ತಿರುಗಿಸಿ, ಎದೆಯ ನಡುವೆ 5 ಬಾರಿ ಒತ್ತಿ. ವಸ್ತು ಹೊರಬರುವವರೆಗೆ ಹೀಗೇ ಮಾಡಿ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಪ್ರಜ್ಞೆ ತಪ್ಪಿದರೆ ಸಿಪಿಆರ್ ಬೇಕು; ಅದನ್ನು ಮಕ್ಕಳ ವೈದ್ಯರಿಂದ ಮೊದಲೇ ಕಲಿತಿರಿ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ದೂರದ ಹಳ್ಳಿಗಳಿಗೆ ಆಂಬುಲೆನ್ಸ್ ಬರಲು ಹೊತ್ತಾಗಬಹುದು. ಆದ್ದರಿಂದ ಅಜ್ಜ-ಅಜ್ಜಿಯರೂ ಕಲಿಯುವುದು ಅಗತ್ಯ.

ಆಹಾರ: ಕ್ಯಾರೆಟ್, ಆಲೂಗಡ್ಡೆ ಬಳಸದ ಮನೆಗಳಲ್ಲಿ ಬೆಂದ ಸಿಹಿಗುಂಬಳ, ಮಾಗಿದ ಪಪ್ಪಾಯಿ, ಬಾಳೆಹಣ್ಣು, ಮೆತ್ತಗಿನ ಇಡ್ಲಿ ಕೊಡಬಹುದು. ತುಂಡು ಬೆರಳುದ್ದ ಇರಲಿ, ಚಿವುಟಿದರೆ ನುಣ್ಣಗಾಗಲಿ. ಇಡೀ ಕಡಲೆಕಾಯಿ ಬೀಜ, ಹುರಿಗಡಲೆ, ಇಡೀ ದ್ರಾಕ್ಷಿ, ಹಸಿ ಸೇಬಿನ ತುಂಡು ಬೇಡ.

ಮಗು ಆಸರೆಯಿಂದ ನೇರ ಕೂತು, ತಲೆ ಸ್ಥಿರವಾಗಿ ಹಿಡಿಯುವಂತಾದ ಮೇಲೆಯೇ ಆರಂಭಿಸಿ. ಸೂರ್ಯಾಸ್ತದೊಳಗೆ ಊಟ ಮುಗಿಸುವ ಅವಸರ ಮಗುವಿಗೆ ಬೇಡ. ಬೆಳಗ್ಗೆ ಅಥವಾ ಮಧ್ಯಾಹ್ನವೇ ನಿಧಾನವಾಗಿ ತಿನ್ನಿಸಿ. ಎದೆಹಾಲು ಮುಂದುವರಿಯಲಿ.