ಪೋರ್ಟ್

ಗಂಗೊಳ್ಳಿ, ಹಂಗಾರಕಟ್ಟೆಗಳ ಅಳಿವೆಗಳನ್ನು ಕಂಡು ಬೆಳೆದ ನಮ್ಮ ಸೀಮೆಯವರಿಗೆ ‘ಪೋರ್ಟ್’ ಎಂದೊಡನೆ ಬಂದರೇ ಸ್ಮರಣೆಗೆ ಬರುವುದು ಸಹಜ; ಪೋರ್ಚುಗೀಸರು ಬಾರ್ಸೆಲೋರ್ ಎಂದು ಕರೆದ ಬಸರೂರು ಇಲ್ಲಿಯದೇ ಅಷ್ಟೆ. ‘ಬಂದರು’ ಪಾರಸಿಯಿಂದ ಬಂದುದು; ‘ಪೋರ್ಟ್’ ಎಂಬುದಾದರೋ ಲ್ಯಾಟಿನ್ನಿನಲ್ಲಿ ಬಂದರೆಂಬ ಅರ್ಥದ ‘ಪೋರ್ಟುಸ್’, ಬಾಗಿಲೆಂಬ ಅರ್ಥದ ‘ಪೋರ್ಟ’ ಎಂಬ ಸೋದರ ಶಬ್ದಗಳೆರಡರ ಛಾಯೆಯನ್ನೂ ಹೊತ್ತಿದೆ. ಗಣಕಜಾಲದಲ್ಲಿ ಅದು 65535ರವರೆಗಿನ ಒಂದು ಸಂಖ್ಯೆ ಮಾತ್ರ.

ಕುಂದಾಪುರದಲ್ಲಿಯೋ ಬೈಂದೂರು, ಬ್ರಹ್ಮಾವರಗಳಲ್ಲಿಯೋ ಮನೆಯ ಅಂತರ್ಜಾಲ ದೂರವಾಣಿಗೆ ಕರೆ ಬಾರದಿದ್ದರೆ, ಅಥವಾ ಒಂದು ಕಡೆಯ ಧ್ವನಿ ಮಾತ್ರ ಕೇಳಿಸಿದರೆ, ಕರೆಯ ಸಂಕೇತಗಳಿಗೆ ರೂಢಿಯಾದ ಯುಡಿಪಿ (ಉಡುಪಿಯಲ್ಲ!) 5060ನ್ನೂ, ಧ್ವನಿಗೆಂದು ದೂರವಾಣಿಯ ಅಡಾಪ್ಟರಿನಲ್ಲಿ ನಿಗದಿಯಾದ ಪೋರ್ಟುಗಳ ಸಾಲನ್ನೂ ರೂಟರಿನ ಮೂಲಕ ಅಡಾಪ್ಟರಿನ ಸ್ಥಿರ ಐಪಿ ವಿಳಾಸಕ್ಕೆ ಕಳುಹುವ ಏರ್ಪಾಡು ಬೇಕಾದೀತು; ಅದೇ ‘ಪೋರ್ಟ್ ಫಾರ್ವರ್ಡಿಂಗ್’. ಆದರೆ ಅದಕ್ಕೂ ಮುನ್ನ ರೂಟರಿನ ‘ಎಸ್‌ಐಪಿ ಎಎಲ್‌ಜಿ’ ಎಂಬ ಸೌಲಭ್ಯವನ್ನು ನಿಲ್ಲಿಸಿ ನೋಡುವುದು ಲೇಸು, ಸಹಾಯಕನೆಂಬ ಹೆಸರಿನ ಈ ಉಪದ್ರವಿಯಿಂದಲೇ ಅನೇಕ ಕರೆಗಳು ಕೆಡುವುವು. ರೂಟರಿನ ಹೊರವಿಳಾಸವು 100.64ರಿಂದ 100.127ರವರೆಗಿನ ಅಂಕಿಗಳಿಂದ ಆರಂಭವಾಗಿದ್ದರಂತೂ ಅದು ಹಲವು ಮನೆಗಳು ಹಂಚಿಕೊಂಡ ವ್ಯವಸ್ಥೆಯೆಂದು ತಿಳಿಯಬೇಕು. ಅಲ್ಲಿ ನಿಮ್ಮ ಫಾರ್ವರ್ಡಿಂಗ್ ವ್ಯರ್ಥ, ಸೇವಾದಾರರಲ್ಲಿ ಸಾರ್ವಜನಿಕ ಐಪಿಯನ್ನು ಕೇಳಿ ಪಡೆಯಿರಿ.