ಕೇಳಿಸದ ಅಳು

ಆಗ ನಮ್ಮ ಬೀದಿಯಲ್ಲಿ ಟೀವಿ ಇದ್ದದ್ದು ಎರಡೇ ಮನೆಯಲ್ಲಿ. ಒಂದು ಮಧ್ಯಾಹ್ನ ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ ಬಂತು. ಬಂಗಾಳಿ ಯಾರಿಗೂ ಬಾರದು. ಆದರೂ ಹೆಂಗಸರೆಲ್ಲ ಚಾಪೆ ಹಾಸಿ ಕೂತೆವು.

ಮಗಳು ದುರ್ಗಾ ಜ್ವರದಲ್ಲಿ ತೀರಿಕೊಂಡದ್ದು ತಿಳಿಯದೆ ಹರಿಹರ ಊರಿಗೆ ಬರುತ್ತಾನೆ. ತಂದ ಸಾಮಾನೆಲ್ಲ ತೋರಿಸುತ್ತಾ, ಮಗಳಿಗೆಂದು ತಂದ ಸೀರೆಯನ್ನು ಹೆಂಡತಿಯ ಕೈಗಿಡುತ್ತಾನೆ. ಕ್ಯಾಮೆರಾ ಸರ್ವಜಯಾಳ ಮುಖದ ಹತ್ತಿರವೇ ಇದೆ. ಅವಳು ಒಡೆದು ಅಳುತ್ತಾಳೆ, ಆದರೆ ದನಿ ಕೇಳುವುದಿಲ್ಲ. ಅದರ ಜಾಗದಲ್ಲಿ ತಾರ್ ಶಹನಾಯಿಯ ಏರುಸ್ವರ. ಹೆಸರಿಗೆ ಶಹನಾಯಿ, ಊದುವುದಲ್ಲ. ಕಮಾನಿನಿಂದ ನುಡಿಸುವ ತಂತಿವಾದ್ಯ.

“ಅವಳ ದನಿ ಎಲ್ಲಿ ಹೋಯ್ತು? ಟೀವಿ ಕೆಟ್ಟಿತೇನೋ!” ಎಂದರು ಪಕ್ಕದ ಮನೆಯವರು. ತಪ್ಪೇನಿಲ್ಲ; ನಾವು ಕಂಡಿದ್ದ ಸಿನಿಮಾಗಳಲ್ಲಿ ಅಳುವಿನ ಮೇಲೆ ಪಿಟೀಲನ್ನೂ ಸುರಿಯುತ್ತಿದ್ದರು.

1952ರಲ್ಲಿ ಶುರುವಾದ ಚಿತ್ರ, ದುಡ್ಡಿಲ್ಲದೆ ನಿಂತು ನಿಂತು 1955ರಲ್ಲಿ ತೆರೆ ಕಂಡಿತು. ಕ್ಯಾಮೆರಾ ಹಿಡಿದ ಸುಬ್ರತ ಮಿತ್ರರಿಗೆ ಆಗ ಇಪ್ಪತ್ತರ ಆಸುಪಾಸು. ಅದಕ್ಕೆ ಮೊದಲು ಒಂದು ಸಿನಿಮಾವನ್ನೂ ಚಿತ್ರಿಸಿದವರಲ್ಲ. ಸಂಗೀತವನ್ನು ರವಿಶಂಕರ್ ಒಂದೇ ಬೈಠಕ್ಕಿನಲ್ಲಿ ಮುಗಿಸಿದರು. ಇದೆಲ್ಲ ನಾನು ಓದಿಕೊಂಡದ್ದು ಆಮೇಲೆ.

ನಮ್ಮತ್ತೆ ಮಾತ್ರ ಗೋಡೆಗೊರಗಿ ಸುಮ್ಮನಿದ್ದರು. ಐದು ವರ್ಷದ ಮಗಳನ್ನು ಕಳಕೊಂಡವರು. ಮನೆಯಲ್ಲಿ ಆ ಮಾತು ಯಾರೂ ಎತ್ತುತ್ತಿರಲಿಲ್ಲ. ಸಂಜೆ ಅಕ್ಕಿ ಆರಿಸುತ್ತಾ, “ಅವಳ ಕೂಗು ಕೇಳಿಸಿದ್ದರೆ ನಾನು ಎದ್ದು ಹೋಗಿಬಿಡ್ತಿದ್ದೆ ಕಣೇ” ಎಂದರು. ಸ್ವಲ್ಪ ಹೊತ್ತಾದ ಮೇಲೆ, ನಾನು ಕೇಳದೆಯೇ, ಆ ಮಗುವಿನ ಹೆಸರು ಹೇಳಿದರು.